ಬಲಮೂಲೆಯ ಚುಕ್ಕೆ

ಕಳೆದ ತಿಂಗಳು ಒಂದು ರಾತ್ರಿ ನಿದ್ದೆ ಹತ್ತದೆ ಟಿವಿ ಹಾಕಿದೆ. ಯಾವುದೋ ಚಾನೆಲ್‌ನಲ್ಲಿ ‘ಬಂಧನ’ ಬರುತ್ತಿತ್ತು. ಓದುತ್ತ ಕೂತಿದ್ದ ಮಗಳೂ ಬಂದು ಪಕ್ಕದಲ್ಲಿ ಕೂತಳು. ವಿಷ್ಣುವರ್ಧನ್ ಮುಖದ ಮೇಲೆ ಕ್ಯಾಮೆರಾ ನಿಂತಿದ್ದಾಗ ಪರದೆಯ ಬಲಮೂಲೆಯಲ್ಲಿ, ಮೇಲ್ತುದಿಗೆ, ದುಂಡನೆಯ ಚುಕ್ಕೆಯೊಂದು ಮಿಂಚಿ ಮಾಯವಾಯಿತು. ಏಳೆಂಟು ಸೆಕೆಂಡು ಕಳೆದ ಮೇಲೆ ಇನ್ನೊಂದು. ಮಗಳಿಗೆ ಅದು ಕಾಣಿಸಲೇ ಇಲ್ಲ. ನನಗೆ ಕಥೆ ಅಲ್ಲಿಗೇ ನಿಂತುಹೋಯಿತು. ಎರಡನೆಯ ಚುಕ್ಕೆ ಬರುವ ಹೊತ್ತಿಗೆ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಬಿಗಿಯಾಗಿತ್ತು.

ಆ ಚುಕ್ಕೆ ಪ್ರೊಜೆಕ್ಟರ್ ಓಡಿಸುವವನಿಗೆಂದು ಇಟ್ಟ ಗುರುತು. ಮೊದಲನೆಯದು ಕಂಡರೆ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು. ಎರಡನೆಯದು ಕಂಡ ಕೂಡಲೇ ಈ ಮೆಷಿನ್ನಿನ ಬೆಳಕು ಮುಚ್ಚಿ ಆ ಮೆಷಿನ್ನಿನದು ತೆರೆಯಬೇಕು. ಒಂದು ರೀಲಿನಿಂದ ಇನ್ನೊಂದಕ್ಕೆ ದಾಟಿದ್ದು ಕೆಳಗೆ ಕೂತ ಯಾರಿಗೂ ಗೊತ್ತಾಗಬಾರದು. ಎಂಬತ್ತರ ದಶಕದ ನಡುವಿನ ಕೆಲವು ವರ್ಷ, ಪಿಯುಸಿಯಿಂದ ಡಿಗ್ರಿ ಮುಗಿಯುವ ತನಕ, ನನ್ನ ಸಂಜೆಗಳೆಲ್ಲ ಆ ಚುಕ್ಕೆಗೆ ಕಾಯುವುದರಲ್ಲೇ ಕಳೆದವು.

ನಮ್ಮದು ತೆಂಗು, ರಾಗಿ ಬೆಳೆಯುವ ಸೀಮೆಯ ಒಂದು ತಾಲ್ಲೂಕು ಕೇಂದ್ರ. ಊರ ಟಾಕೀಸು ಮೊದಲು ಡೇರೆಯಾಗಿತ್ತಂತೆ. ನಾನು ಕಂಡ ಹೊತ್ತಿಗೆ ಜಿಂಕ್ ಶೀಟಿನ ಸೂರು ಬಂದಿತ್ತು. ಆದರೂ ಜನ ಕೇಳುತ್ತಿದ್ದುದು ‘ಟೆಂಟಲ್ಲಿ ಯಾವ ಪಿಚ್ಚರ್ರು?’ ಅಂತಲೇ. ಮುಂದೆ ಮರಳಿನ ನೆಲ, ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ನೆಲದ ನಡುವೆ ಸೊಂಟದೆತ್ತರದ ಗೋಡೆ. ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು. ಸಂಜೆ ಸೂರಿನ ಮೇಲಿನ ಸ್ಪೀಕರಿನಲ್ಲಿ ಘಂಟಸಾಲರು ವೆಂಕಟೇಶನನ್ನು ಸ್ತುತಿಸಲು ತೊಡಗಿದರೆ ಟಿಕೆಟ್ ಕೊಡುತ್ತಿದ್ದಾರೆ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು.

ಹಿಂದುಗಡೆ ಕಬ್ಬಿಣದ ಏಣಿ ಹತ್ತಿದರೆ ಆಪರೇಟರಣ್ಣನ ಬೂತು. ಅವರು ಬೇರೆ ಜಿಲ್ಲೆಯವರು. ಸಂಸಾರ ಊರಲ್ಲಿತ್ತು, ಇವರು ಟಾಕೀಸಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಅಪ್ಪನ ಸಂಬಳ ನಮ್ಮ ಓದಿಗೆ ಸಾಲದಿದ್ದಾಗ ಅವರೇ ಟಾಕೀಸಿನ ಸಾಹುಕಾರರಿಗೆ ಹೇಳಿ ನನ್ನನ್ನು ಸಹಾಯಕ್ಕೆ ಇಟ್ಟುಕೊಂಡರು. ‘ಪಿಚ್ಚರ್ ನೋಡೋಕ್ ಬರಬೇಡ ಮರಿ, ಬೆಳಕು ನೋಡೋಕ್ ಬಾ’ ಎಂದು ಮೊದಲ ದಿನವೇ ಹೇಳಿದ್ದರು. ತಾಮ್ರದ ಲೇಪವಿದ್ದ ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ಬಿಡಿಸಿದರೆ ಕಣ್ಣು ಕೋರೈಸುವ ಜ್ವಾಲೆ ಹೊತ್ತುತ್ತಿತ್ತು. ಉರಿದಂತೆಲ್ಲ ಕಡ್ಡಿ ಸವೆದು ನಡುವಿನ ಅಂತರ ಹೆಚ್ಚುತ್ತದೆ. ಆಗ ಪರದೆಯ ಮೇಲೆ ಚಿತ್ರ ಮಾಸುತ್ತದೆ, ಇನ್ನೂ ಬಿಟ್ಟರೆ ಆರಿಯೇ ಹೋಗುತ್ತದೆ. ಕಪ್ಪು ಗಾಜಿನ ಕಿಂಡಿಯಲ್ಲಿ ಜ್ವಾಲೆಯನ್ನು ನೋಡುತ್ತ ತಿರುಪು ತಿರುಗಿಸಿ ಅಂತರ ಕಾಯುವುದು ನನ್ನ ಕೆಲಸ. ಓಡಿ ಮುಗಿದ ರೀಲನ್ನು ಹಿಂದಕ್ಕೆ ಸುತ್ತುವುದು, ಕಿತ್ತುಹೋದ ಕಡೆ ಬ್ಲೇಡಿನಿಂದ ಕೆರೆದು ಸಿಮೆಂಟ್ ಹಚ್ಚಿ ಕೂಡಿಸುವುದು ಆಮೇಲೆ ಕಲಿತದ್ದು.

ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ ಫಿಲ್ಮು. ಅದು ತಗಡಿನ ಪೆಟ್ಟಿಗೆಯಲ್ಲಿ, ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಆಫೀಸಿನಿಂದ ಹೊರಟು, ಬಸ್ಸಿನ ಟಾಪಿನ ಮೇಲೆ ನಮ್ಮೂರಿಗೆ ಬರಬೇಕು. ‘ಪೆಟ್ಟಿಗೆ ಬಂತಾ?’ ಎಂಬುದು ಶುಕ್ರವಾರ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ನಮ್ಮದು ‘ಸಿ’ ಸೆಂಟರ್. ಬೆಂಗಳೂರು, ಮೈಸೂರುಗಳಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಸವೆದು ಪ್ರಿಂಟು ನಮ್ಮಲ್ಲಿಗೆ ತಲುಪುವಾಗ ವರ್ಷವಾದರೂ ಕಳೆದಿರುತ್ತಿತ್ತು. ಉದ್ದುದ್ದ ಗೀರು ಬಿದ್ದು ಪ್ರತಿ ದೃಶ್ಯದಲ್ಲೂ ಮಳೆ ಸುರಿಯುತ್ತಿರುವಂತೆ ಕಾಣುತ್ತಿತ್ತು. ದಾರಿಯಲ್ಲಿ ಹಾಡುಗಳು ಮೊಟಕಾಗಿರುತ್ತಿದ್ದವು. ನಮ್ಮ ಜನ ನೋಡಿದ ಎಂಬತ್ತರ ದಶಕದ ಸಿನಿಮಾ ಈ ಮಳೆಯ ಹಿಂದಿನಿಂದ ಕಂಡ ಸಿನಿಮಾ.

ಆ ಸಿನಿಮಾಗಳಿಗೆ ಬೇರು ಇದ್ದದ್ದು ನಮ್ಮ ಕಾದಂಬರಿಗಳಲ್ಲಿ. ‘ಬಂಧನ’ (1984) ಉಷಾ ನವರತ್ನರಾಂ ಅವರದು. ‘ಹೊಸ ಬೆಳಕು’ (1982) ವಾಣಿಯವರದು. ‘ಅನುರಾಗ ಅರಳಿತು’ (1986) ಎಚ್.ಜಿ. ರಾಧಾದೇವಿಯವರದು. ‘ಅಂತ’ (1981) ಎಚ್.ಕೆ. ಅನಂತರಾಯರದು, ‘ರಂಗನಾಯಕಿ’ (1981) ಅಶ್ವತ್ಥರದು. ನಮ್ಮ ಚಿಕ್ಕಮ್ಮ ಪೇಟೆಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತಂದು, ರಟ್ಟು ಕಳಚಿದ ಪುಸ್ತಕವನ್ನು ಒಲೆ ಮುಂದೆ ಕೂತು ಓದುವವರು. ಸಿನಿಮಾ ಬಂದಾಗ ಅವರೂ ಅವರ ಜೊತೆಯವರೂ ಹೆಂಗಸರ ನೆಲದಲ್ಲಿ ಕೂತು, ಇಂಟರ್‌ವೆಲ್ಲಿನಲ್ಲಿ ಕಡ್ಲೆಕಾಯಿ ಬಿಡಿಸುತ್ತ, ‘ಪುಸ್ತಕದಲ್ಲಿ ಹೀಗಿಲ್ಲ ಕಣೇ’ ಎಂದು ದೃಶ್ಯ ದೃಶ್ಯವನ್ನೂ ಅಳೆಯುತ್ತಿದ್ದರು. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರನ್ನು ಆಮೇಲೆ ಎಷ್ಟೋ ಮಂದಿ ಕಂಡಿದ್ದೇನೆ. ಮೂಲಕ್ಕೂ ಸಿನಿಮಾಕ್ಕೂ ನಡುವೆ ಏನಾಯಿತು ಎಂಬುದನ್ನು ಆ ಹೆಂಗಸರಷ್ಟು ಸೂಕ್ಷ್ಮವಾಗಿ ನೋಡಿದವರು ಕಡಿಮೆ.

ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ ನಮ್ಮೂರಲ್ಲಿ ಮತ್ತೆ ಮತ್ತೆ ಬಂದ ಚಿತ್ರ. ನಾಟಕ ಕಂಪನಿಯ ನಟಿಯ ಬದುಕು ಅದು. ಹಿಂದೆ ನಮ್ಮೂರ ಸಂತೆಮಾಳದಲ್ಲಿ ಕಂಪನಿಗಳು ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದವು. ಒಂದು ಕಂಪನಿ ಮುರಿದಾಗ ಅಲ್ಲೇ ಉಳಿದುಬಿಟ್ಟ ಹಿರಿಯ ನಟಿಯೊಬ್ಬರು ಟಾಕೀಸಿನ ಬಾಗಿಲಲ್ಲಿ ಎಲೆ ಅಡಿಕೆ ಅಂಗಡಿ ಇಟ್ಟುಕೊಂಡಿದ್ದರು. ‘ರಂಗನಾಯಕಿ’ ಹಾಕಿದ ವಾರವೆಲ್ಲ ಅವರು ಎರಡನೇ ಆಟಕ್ಕೆ ಅಂಗಡಿ ಮುಚ್ಚಿ ಒಳಗೆ ಬಂದು ಕೂರುತ್ತಿದ್ದರು. ಗೇಟ್‌ಕೀಪರ್ ಅವರಿಂದ ಟಿಕೆಟ್ ಕೇಳುತ್ತಿರಲಿಲ್ಲ. ಆರತಿ ಬಣ್ಣ ಹಚ್ಚಿಕೊಳ್ಳುವ ದೃಶ್ಯ ಬಂದಾಗ, ‘ಕನ್ನಡಿ ಹತ್ತಿರ ಇಟ್ಕೊಂಡಿದ್ದಾಳೆ, ಸರಿಯಾಗಿದೆ’ ಎಂದು ಪಕ್ಕದವರಿಗೆ ಹೇಳುತ್ತಿದ್ದರಂತೆ. ಪುಟ್ಟಣ್ಣ 1985ರ ಜೂನ್ 5ರಂದು ತೀರಿಕೊಂಡರು. ಅವರು ಮುಗಿಸದೆ ಹೋದ ‘ಮಸಣದ ಹೂವು’ ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿಯವರು ಮುಗಿಸಿ ತೆರೆಗೆ ತಂದರು. ಅದು ನಮ್ಮೂರಿಗೆ ಬಂದಾಗ ಸಾಹುಕಾರರು ಪುಟ್ಟಣ್ಣನವರ ಫೋಟೊಗೆ ಹೂವಿನ ಹಾರ ಹಾಕಿ ಟಿಕೆಟ್ ಕೌಂಟರಿನ ಪಕ್ಕ ಇಟ್ಟಿದ್ದರು. ನಾಯಕನಟನಲ್ಲದ ಒಬ್ಬ ನಿರ್ದೇಶಕನಿಗೆ ಆ ಮರ್ಯಾದೆ ಸಿಕ್ಕದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಆಗಿನ ಪತ್ರಿಕೆಗಳಲ್ಲಿ ಸಿನಿಮಾ ಎರಡು ಪಂಗಡವಾಗಿತ್ತು: ಕಲಾತ್ಮಕ, ವ್ಯಾಪಾರಿ. ಒಂದಕ್ಕೆ ಪ್ರಶಸ್ತಿ, ಇನ್ನೊಂದಕ್ಕೆ ಜನ. ಬೂತಿನಲ್ಲಿ ನಿಂತು ನೋಡಿದವನಿಗೆ ಆ ಗೆರೆ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ‘ಬಂಧನ’ದ ನಾಯಕಿ ಸುಹಾಸಿನಿ. ‘ತಬರನ ಕಥೆ’ಯ ತಬರ ಆಕೆಯ ತಂದೆ ಚಾರುಹಾಸನ್. ‘ತಬರನ ಕಥೆ’ಗೆ ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಅವರೇ ‘ಪುಷ್ಪಕ ವಿಮಾನ’ಕ್ಕೂ ‘ಮಾಲ್ಗುಡಿ ಡೇಸ್’ಗೂ ಸಂಗೀತ ಕೊಟ್ಟರು. ಎಂ.ಎಸ್. ಸತ್ಯು ಅವರ ‘ಬರ’ದಲ್ಲಿ (1982) ಬರಗಾಲದ ಜಿಲ್ಲೆಯ ಅಧಿಕಾರಿಯಾಗಿದ್ದ ಅನಂತನಾಗ್ ಮರುವರ್ಷ ‘ಕಾಮನಬಿಲ್ಲು’ವಿನಲ್ಲಿ ರಾಜಕುಮಾರರ ಜೊತೆಗಿದ್ದರು. ‘ಆಟೋ ರಾಜ’ನಾಗಿ (1980) ಊರೂರಿನ ಆಟೋಗಳ ಹಿಂದೆ ಚಿತ್ರವಾಗಿ ನಿಂತ ಶಂಕರ್‌ನಾಗ್, ಫುಟ್‌ಪಾತಿನ ಮೇಲೆ ಮಲಗಿದ್ದವರನ್ನು ಕೊಂದ ಶ್ರೀಮಂತರ ಮಗನ ಕಥೆಯನ್ನು ‘ಆಕ್ಸಿಡೆಂಟ್’ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಈ ಕಲಾವಿದರೆಲ್ಲ ಎರಡೂ ಕಡೆ ಓಡಾಡಿಕೊಂಡಿದ್ದರು. ಒಂದೇ ಕಡೆ ಕೂರಬೇಕಾದವರು ನಾವು.

ಯಾಕೆ ಹಾಗೆನ್ನುತ್ತೇನೆ ಎಂಬುದಕ್ಕೆ ‘ತಬರನ ಕಥೆ’ಯ ನೆನಪು ಹೇಳಬೇಕು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. 1986ರ ಸಾಲಿನ ಸ್ವರ್ಣಕಮಲ ಅದಕ್ಕೆ, ಶ್ರೇಷ್ಠ ನಟ ಪ್ರಶಸ್ತಿ ಚಾರುಹಾಸನ್‌ಗೆ. ಇಷ್ಟಾದರೂ ಅದು ನಮ್ಮೂರಿಗೆ ಬಂದದ್ದು ಬೇರೊಂದು ಚಿತ್ರದ ಪೆಟ್ಟಿಗೆ ತಡವಾಯಿತೆಂದು, ವಾರದ ಮಧ್ಯೆ, ತೂತು ಮುಚ್ಚಲು. ಪೋಸ್ಟರು ಕೂಡ ಇರಲಿಲ್ಲ. ಸಾಹುಕಾರರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಸಿದರು.

ಮೊದಲ ರಾತ್ರಿ ಫೈಟಿಂಗ್ ಇಲ್ಲವೆಂದು ಹುಡುಗರು ಇಂಟರ್‌ವೆಲ್ಲಿಗೇ ಎದ್ದು ಹೋದರು. ನೆಲದಲ್ಲಿ ಉಳಿದವರು ಕೊನೆತನಕ ಅಲುಗಲಿಲ್ಲ. ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿರುವಾಗ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ ತಬರ, ಅಲ್ಲಿದ್ದ ಅರ್ಧ ಜನಕ್ಕೆ ಅಪ್ಪನೋ ಮಾವನೋ ಆಗಿದ್ದ. ಮಾರನೇ ದಿನ ತಾಲ್ಲೂಕು ಕಚೇರಿ, ಪುರಸಭೆಗಳಿಂದ ಅಟೆಂಡರುಗಳು, ಗುಮಾಸ್ತರು ಮನೆಮಂದಿಯೊಂದಿಗೆ ಬಂದರು. ಬೆಂಚು ತುಂಬಿ ನೆಲದಲ್ಲೂ ಕೂತರು. ಮಾಸಿದ ಖಾಕಿಯಲ್ಲೇ ಬಂದಿದ್ದ ಒಬ್ಬ ಹಿರಿಯರು ಆಟ ಮುಗಿದ ಮೇಲೆ ಏಣಿಯ ಕೆಳಗೆ ನಿಂತು, ‘ನಾಳೆಯೂ ಇರುತ್ತಾ ಸ್ವಾಮಿ? ನಮ್ಮ ಅಣ್ಣನ್ನ ಹಳ್ಳಿಯಿಂದ ಕರ್ಕೊಂಡು ಬರ್ತೀನಿ’ ಎಂದು ಆಪರೇಟರಣ್ಣನನ್ನು ಕೇಳಿದರು. ಆದರೆ ಪೆಟ್ಟಿಗೆ ಬೆಳಗಿನ ಬಸ್ಸಿಗೆ ವಾಪಸು ಹೋಗಬೇಕಿತ್ತು, ಹೋಯಿತು. ಜನಕ್ಕೆ ಇಂಥ ಸಿನಿಮಾ ಬೇಡ ಎಂದು ಅಂದಿನಿಂದ ಇಂದಿನವರೆಗೆ ಯಾರೇ ಹೇಳಿದರೂ ನಾನು ಒಪ್ಪಿಲ್ಲ. ಜನ ಬೇಡವೆನ್ನುವ ಮೊದಲೇ ಪೆಟ್ಟಿಗೆ ಬಸ್ಸು ಹತ್ತಿರುತ್ತಿತ್ತು.

‘ಪುಷ್ಪಕ ವಿಮಾನ’ (1987) ಬಂದಾಗ ಆರಂಭದಲ್ಲಿ ನೆಲದವರು ‘ಸೌಂಡ್! ಸೌಂಡ್!’ ಎಂದು ಕೂಗಿದ್ದು ನೆನಪಿದೆ. ಮಾತಿಲ್ಲದ ಸಿನಿಮಾ ಎಂದು ಯಾರಿಗೂ ಗೊತ್ತಿರಲಿಲ್ಲ. ಆಪರೇಟರಣ್ಣ ಕಿಂಡಿಯಿಂದ ತಲೆ ಹಾಕಿ, ‘ಮಾತಿಲ್ಲ, ಕಣ್ಣಿಟ್ಟು ನೋಡ್ರೋ!’ ಎಂದು ಕೂಗಿದರು. ಕಾಲು ಗಂಟೆಯಲ್ಲಿ ಟಾಕೀಸು ಗಲಗಲ ನಗುತ್ತಿತ್ತು. ಸಿಂಗೀತಂ ಶ್ರೀನಿವಾಸರಾಯರು ಮಂಜುಗಡ್ಡೆಯ ಚಾಕುವಿನಿಂದ ನಗಿಸಿದ್ದನ್ನು ಅಕ್ಷರ ಬಾರದ ನಮ್ಮ ಕಡ್ಲೆಕಾಯಿ ಅಜ್ಜಿ ವಾರವೆಲ್ಲ ಅಭಿನಯಿಸಿ ತೋರಿಸಿದಳು. ಶೃಂಗಾರ್ ನಾಗರಾಜ್ ನಿರ್ಮಿಸಿದ ಆ ಚಿತ್ರವನ್ನು ಭಾಷೆಯ ಹಂಗಿಲ್ಲದೆ ದೇಶವೆಲ್ಲ ನೋಡಿತು. ಹೊಸತನ್ನು ಕಂಡರೆ ಜನ ಬೆದರುತ್ತಾರೆ ಎಂಬ ಮಾತಿಗೂ ನಮ್ಮ ನೆಲದಲ್ಲಿ ಆಧಾರ ಸಿಗಲಿಲ್ಲ.

ನಮ್ಮ ಟಾಕೀಸಿಗೆ ಬಾರದೇ ಹೋದ ಚಿತ್ರಗಳನ್ನು ಎಷ್ಟೋ ವೇಳೆ ದೂರದರ್ಶನ ತೋರಿಸಿತು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳು ಬರುತ್ತಿದ್ದವು. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ನಾವು ನೋಡಿದ್ದು ಎದುರು ಮನೆಯ ಮೇಷ್ಟರ ಕಪ್ಪು-ಬಿಳುಪು ಟಿವಿಯಲ್ಲಿ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ಬಾಲವಿಧವೆಯ ಕಥೆ. ಅಪ್ಪನ ಸೋದರತ್ತೆ ನಮ್ಮ ಮನೆಯಲ್ಲೇ ಇದ್ದರು. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಜೀವ. ಸಿನಿಮಾ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಒತ್ತಾಯ ಮಾಡಿ ಕರೆದುಕೊಂಡು ಹೋದರು. ಮೇಷ್ಟರ ಮನೆಯ ಹೊಸ್ತಿಲಾಚೆ, ಯಾರಿಗೂ ತಾಗದಂತೆ, ಕಂಬಕ್ಕೊರಗಿ ಕೂತು ಪೂರ್ತಿ ನೋಡಿದರು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ಮುದಿ ಫಣಿಯಮ್ಮ ಮಾತಾಡುವ ಭಾಗ ಬಂದಾಗ ಸೆರಗು ಸರಿಮಾಡಿಕೊಂಡರು. ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ಕೇಳಿದರು: ‘ಒಲ್ಲೆ ಅಂದಳಲ್ಲ ಆ ಹುಡುಗಿ, ಆಮೇಲೆ ಏನಾದಳೋ? ಪುಸ್ತಕ ಸಿಕ್ಕಿದ್ರೆ ಓದಿ ಹೇಳು.’ ತಮ್ಮಂತೆಯೇ ಇದ್ದ ಫಣಿಯಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಲ್ಲೆ ಎಂದವಳ ಸುದ್ದಿ. ಒಂದು ಸಿನಿಮಾ ಮಾಡಬಹುದಾದ ಕೆಲಸದಲ್ಲಿ ಅದಕ್ಕಿಂತ ದೊಡ್ಡದು ಏನಿದೆ ಎಂದು ನನಗೆ ಈಗಲೂ ತಿಳಿಯದು.

ಹಾಗೆಂದು ಆ ದಶಕವೆಲ್ಲ ಚಿನ್ನವಾಗಿತ್ತು ಎನ್ನಲಾರೆ. ಈಗ ಮತ್ತೆ ನೋಡುವಾಗ ಹಲವು ಕಡೆ ಮನಸ್ಸು ಮುರಿಯುತ್ತದೆ. ‘ಅಂತ’ದಲ್ಲಿ ಅಂಬರೀಶ್ ತೋರಿದ ರೋಷಕ್ಕೆ ಅರ್ಥವಿತ್ತು. ಅಧಿಕಾರಸ್ಥರೂ ದಂಧೆಕೋರರೂ ಒಂದಾಗಿರುವುದನ್ನು ಅಷ್ಟು ನೇರವಾಗಿ ಹೇಳಿದ ಜನಪ್ರಿಯ ಚಿತ್ರ ನಮ್ಮಲ್ಲಿ ಅದಕ್ಕೆ ಮೊದಲು ಅಪರೂಪ. ಹಿಂದಿ, ತಮಿಳಿಗೂ ಅದು ಹೋಯಿತು. ಆದರೆ ಬಸುರಿ ಹೆಂಡತಿಯನ್ನು ನಾಯಕನ ಕಣ್ಣೆದುರು ಹಿಂಸಿಸುವ ಆ ದೃಶ್ಯವನ್ನು ಇಂದು ನಾನು ಮಗಳ ಪಕ್ಕ ಕೂತು ನೋಡಲಾರೆ. ಗಂಡಿನ ಸೇಡಿಗೆ ಕಾರಣ ಒದಗಿಸಲು ಹೆಣ್ಣಿನ ದೇಹವನ್ನು ನಜ್ಜುಗುಜ್ಜು ಮಾಡುವುದು ಆ ಕಾಲದ ಎಷ್ಟೋ ಚಿತ್ರಗಳ ರೂಢಿಯಾಗಿತ್ತು.

‘ಅನುರಾಗ ಅರಳಿತು’ವಿನಲ್ಲಿ ರಾಜಕುಮಾರರ ಸೌಜನ್ಯ ಅಪ್ಪಟ. ಮಾಧವಿಯ ಅಭಿನಯವೂ ಸೊಗಸು. ತೆಲುಗು, ತಮಿಳು, ಹಿಂದಿಯವರೂ ಆ ಕಥೆಯನ್ನು ಎತ್ತಿಕೊಂಡರು. ಆದರೂ ಅಧಿಕಾರದಲ್ಲಿರುವ ಹೆಣ್ಣು ಗಂಡನ ಮುಂದೆ ಬಾಗಿದ ಮೇಲೆಯೇ ಅದು ಸುಖಾಂತವಾಗುವುದು. ದಶಕದ ಕೊನೆಗೆ ಬಂದ ‘ನಂಜುಂಡಿ ಕಲ್ಯಾಣ’ (1989) ಹಟಮಾರಿ ಹುಡುಗಿಯನ್ನು ಪಳಗಿಸುವುದನ್ನೇ ಹಾಸ್ಯವಾಗಿಸಿತು. ಜನ ಮುಗಿಬಿದ್ದು ನೋಡಿದರು. ನೆಲದ ನಡುವೆ ಗೋಡೆ ಕಟ್ಟಿದ್ದ ಟಾಕೀಸಿನಲ್ಲಿ ಆ ಕಥೆಗಳು ಸಹಜವಾಗಿ ಕಂಡವು. ಹೆಂಗಸರ ಕಡೆಯಿಂದ ಅಂಥ ದೃಶ್ಯಗಳಿಗೆ ಶಿಳ್ಳೆ ಬಂದದ್ದು ಮಾತ್ರ ನಾನು ಕೇಳಿಲ್ಲ.

ಪ್ರಶಸ್ತಿ ಚಿತ್ರಗಳ ಬಗ್ಗೆಯೂ ಒಂದು ತಕರಾರಿದೆ. ಬಡವರ, ವಿಧವೆಯರ, ಜಾತಿಯಿಂದ ನೊಂದವರ ಕಥೆಗಳನ್ನು ಅವು ಪ್ರಾಮಾಣಿಕವಾಗಿ ಹೇಳಿದವು. ಆದರೆ ಆ ಕಥೆಯ ಜನರ ಬಳಿಗೆ ಚಿತ್ರವನ್ನು ಕೊಂಡೊಯ್ಯುವ ಹಾದಿಯನ್ನು ನಿರ್ಮಾಪಕರಾಗಲಿ, ಸಬ್ಸಿಡಿ ಕೊಟ್ಟ ಸರ್ಕಾರವಾಗಲಿ ಗಟ್ಟಿಯಾಗಿ ಕಟ್ಟಲಿಲ್ಲ. ದೆಹಲಿಗೆ ಹೋದಷ್ಟು ಸಲೀಸಾಗಿ ಪ್ರಿಂಟು ತಾಲ್ಲೂಕಿಗೆ ಬರಲಿಲ್ಲ.

ದಶಕ 1987ರಲ್ಲಿ ಹೊರಳಿತು ಎಂದು ನನ್ನ ಎಣಿಕೆ. ಆ ವರ್ಷ ರವಿಚಂದ್ರನ್ ‘ಪ್ರೇಮಲೋಕ’ ತಂದರು. ಹಂಸಲೇಖರ ಹಾಡುಗಳು ಪೆಟ್ಟಿಗೆಗಿಂತ ಬಹಳ ಮೊದಲೇ ಕ್ಯಾಸೆಟ್ಟಿನಲ್ಲಿ ಬಂದು ಹೋಟೆಲು, ಬಸ್ಸು, ಮದುವೆಮನೆಗಳನ್ನೆಲ್ಲ ತುಂಬಿಕೊಂಡವು. ಚಿತ್ರ ನಮ್ಮ ಟಾಕೀಸಿಗೆ ಬಂದಾಗ ನೆಲದವರಿಗೆ ಎಲ್ಲ ಹಾಡೂ ಬಾಯಿಗೆ ಬಂದಿತ್ತು. ಹುಡುಗ ಹುಡುಗಿ ಅಳುಕಿಲ್ಲದೆ ಸಮಸಮವಾಗಿ ಮಾತಾಡುವ ಆ ಚಿತ್ರ ನಮ್ಮ ವಯಸ್ಸಿನವರಿಗೆ ಹೊಸ ಗಾಳಿಯಾಗಿತ್ತು. ಅದೇ ಹೊತ್ತಿಗೆ ಗಣೇಶನ ಹಬ್ಬಕ್ಕೆ ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ತೋರಿಸುವುದು ಶುರುವಾಯಿತು. ಎರಡನೇ ಆಟಕ್ಕೆ ಜನ ಕಡಿಮೆಯಾದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ಹೋದರು. ಮೂವತ್ತಾರು ತುಂಬಿರಲಿಲ್ಲ. ನಾನು ಆಗ ಕೆಲಸಕ್ಕೆ ಸೇರಿ ಬೇರೆ ಊರಲ್ಲಿದ್ದೆ. ಆ ದಿನ ಅಲ್ಲಿನ ಸ್ಟ್ಯಾಂಡಿನಲ್ಲಿ ಒಂದು ಆಟೋ ಕೂಡ ಬಾಡಿಗೆಗೆ ಹೊರಡಲಿಲ್ಲ.

ನಮ್ಮ ಟಾಕೀಸು ಆಮೇಲೆ ಕೆಲವು ವರ್ಷ ಕುಂಟುತ್ತ ನಡೆದು ಮುಚ್ಚಿತು. ಆಪರೇಟರಣ್ಣ ಊರಿಗೆ ಹೋಗಿ ಅಲ್ಲೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಕಾಂಪ್ಲೆಕ್ಸ್ ಕಟ್ಟಲು ಷೆಡ್ಡು ಕೆಡವಿದಾಗ ಬೂತಿನ ಮೂಲೆಯಲ್ಲಿದ್ದ ತುಂಡು ರೀಲುಗಳೆಲ್ಲ ಗುಜರಿಗೆ ಹೋದವಂತೆ.

ನನ್ನ ಚಿಂತೆ ಇರುವುದು ಇಲ್ಲೇ. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ನೀಲಿಹಸಿರು ವರ್ಣ ಮೊದಲು ಮಾಸುತ್ತದೆ. ಚಿತ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೆಕೆಯಲ್ಲಿ, ತೇವದಲ್ಲಿ ಇಟ್ಟ ಅಸಿಟೇಟ್ ಫಿಲ್ಮು ವಿನೆಗರಿನ ಹುಳಿ ವಾಸನೆ ಹೊಡೆದು ಮುರುಟಿ ಸಾಯುತ್ತದೆ. ಇವತ್ತು ಫೋನಿನಲ್ಲಿ ಸಿಗುವ ಎಂಬತ್ತರ ದಶಕದ ಕನ್ನಡ ಚಿತ್ರಗಳಲ್ಲಿ ಬಹಳಷ್ಟು ಹಳೆಯ ವಿಡಿಯೋ ಪ್ರತಿಯಿಂದ ತೆಗೆದವು: ಅಂಚು ಕತ್ತರಿಸಿದವು, ಹಾಡು ಮೊಟಕಾದವು, ಬಣ್ಣ ಹೋದವು. ನನ್ನ ಮಗಳು ಅದನ್ನೇ ಆ ಕಾಲದ ಸಿನಿಮಾ ಎಂದು ತಿಳಿಯುತ್ತಾಳೆ. ಉಳಿಸಲು ಆಗುವುದಿಲ್ಲವೆಂದಲ್ಲ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮರುಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅಷ್ಟೇ ಅಕ್ಕರೆ ‘ರಂಗನಾಯಕಿ’ಗೆ, ‘ಫಣಿಯಮ್ಮ’ನಿಗೆ, ‘ಆಕ್ಸಿಡೆಂಟ್’ಗೆ, ‘ಬಂಧನ’ಕ್ಕೂ ಸಲ್ಲಬೇಕು. ಪ್ರಶಸ್ತಿ ಬಂದದ್ದನ್ನು ಮಾತ್ರ ಉಳಿಸಿ, ಜನ ಕಣ್ಣೀರಿಟ್ಟು ನೋಡಿದ್ದನ್ನು ಗುಜರಿಗೆ ಬಿಟ್ಟರೆ ಅರ್ಧ ದಶಕವಷ್ಟೇ ಉಳಿದಂತಾಗುತ್ತದೆ. ಇಂದು ಒಪ್ಪಲಾಗದ ದೃಶ್ಯಗಳಿರುವ ಚಿತ್ರಗಳೂ ಉಳಿಯಬೇಕು. ನಾವು ಯಾವುದಕ್ಕೆ ಶಿಳ್ಳೆ ಹೊಡೆದೆವು ಎಂಬುದು ಮುಂದಿನವರಿಗೆ ಗೊತ್ತಿರಬೇಕು.

ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ಸರ್ಕಾರವೂ ಈ ಕೆಲಸಕ್ಕೆ ಹಣವನ್ನೂ ಹವಾನಿಯಂತ್ರಿತ ಜಾಗವನ್ನೂ ಒದಗಿಸಲಿ. ಓದುಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮೂರಿನ ಮುಚ್ಚಿದ ಟಾಕೀಸಿನಲ್ಲಿ, ಹಂಚಿಕೆದಾರರಾಗಿದ್ದ ಬಂಧುಗಳ ಅಟ್ಟದಲ್ಲಿ ಒಂದೇ ಒಂದು ರೀಲು, ಪೋಸ್ಟರು, ಹಾಡಿನ ಪುಸ್ತಕ ಇದ್ದರೂ ತೂಕಕ್ಕೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಅಕಾಡೆಮಿಗೋ ಒಂದು ಪತ್ರ ಬರೆಯಿರಿ. ಬೇರೆಲ್ಲೂ ಉಳಿಯದೇ ಹೋದ ಚಿತ್ರದ ಕೊನೆಯ ಪ್ರತಿ ಅದೇ ಆಗಿರಬಹುದು.